ಕಂಬಳಿ ಚೆಂಡಿನ ಮಾಸ್ತರರು

“ತಪಾಸಣೆಗೆ ಬಂದ ನಿಜಾಮರ ಅಧಿಕಾರಿಯ ತಲೆಗೆ ಗುರಿಯಿಟ್ಟು ಚೆಂಡನ್ನೆಸೆದು, ಅವನ ಟೊಪ್ಪಿಗೆಯನ್ನು ಮಣ್ಣಿಗೆ ಕೆಡವಿದ ಧೀರರು ನಮ್ಮ ಚೆಂಡಿನ ಮಾಸ್ತರರು. ಆ ಒಂದು ಏಟಿಗಾಗಿ ನೌಕರಿಗೆ ಕುತ್ತು ಬಂದರೂ ಅವರು ತಲೆಬಾಗಲಿಲ್ಲ. ಕಮಲಾಪುರದಲ್ಲಿ ನಿಜಾಮಶಾಹಿಯ ವಿರುದ್ಧ ಎದ್ದ ಮೊದಲ ಕೈ ಅವರದು.”

ಊರಿನ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿರುವ ಮಾತಿದು. ಅಚ್ಚಾಗುವ ಮೊದಲು ಇದನ್ನು ಚಹಾದಂಗಡಿಯಲ್ಲಿ, ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ, ಮದುವೆಯ ಹಂದರಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಕೇಳಿ ಸುಮ್ಮನಿದ್ದೇನೆ. ಈಗ ಇದೇ ಸಾಲುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಗೋಡೆಗೆ ಕೂಡಿಸಲಿದ್ದಾರೆಂದು ತಿಳಿಯಿತು. ಕಾಗದದ ತಪ್ಪನ್ನು ಇನ್ನೊಂದು ಕಾಗದದಿಂದ ತಿದ್ದಬಹುದು. ಕಲ್ಲಿನ ತಪ್ಪನ್ನು ತಿದ್ದಿಸುವಷ್ಟು ಆಯುಷ್ಯ ನನಗೆ ಉಳಿದಿಲ್ಲ. ಆದ್ದರಿಂದ ಕಲ್ಲು ಏಳುವ ಮೊದಲೇ ಬರೆಯುತ್ತಿದ್ದೇನೆ.

ಮಾಸ್ತರರು ಆ ಚೆಂಡನ್ನು ಎಸೆಯಲಿಲ್ಲ. ಅದು ಅಧಿಕಾರಿಗೆ ತಾಗಲಿಲ್ಲ. ನಿಜಾಮರ ಮೇಲಿನ ಸಿಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಇವನ್ನು ಯಾರ ಬಾಯಿಂದಲೋ ಕೇಳಿ ಹೇಳುತ್ತಿಲ್ಲ. ಚೆಂಡು ಹೋದದ್ದು ನನ್ನ ಕೈಯಿಂದ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಕಡೆಯವರು ಯಾರಿದ್ದಾರೆ, ಎಲ್ಲಿದ್ದಾರೆ ನನಗೆ ಗೊತ್ತಿಲ್ಲ. ಕೇಳದೆ ಒಬ್ಬರ ಹೆಸರನ್ನು ಜಗಳಕ್ಕೆ ಎಳೆಯುವುದು ಸರಿಯಲ್ಲ. ಸಂಚಿಕೆಯವರು ಹೆಸರಿನ ಹಿಂದೆ ಬಿರುದನ್ನೂ ಸೇರಿಸಿದ್ದಾರೆ. ಬದುಕಿದ್ದಾಗ ಅವರು ಅದನ್ನು ಕೇಳಿದ್ದರೆ ಗಾಬರಿಯಾಗುತ್ತಿದ್ದರು.

ಕಲಬುರಗಿಯಿಂದ ವರ್ಗವಾಗಿ ಬಂದವರು. ಎತ್ತರದ, ಒಣಗಿದ ಮೈ. ಬಲಗೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಏಕೆಂದು ಹುಡುಗರು ಕೇಳಿದರೆ ಒಮ್ಮೆ ಎತ್ತು ಹಾಯಿತೆಂದರು, ಇನ್ನೊಮ್ಮೆ ಎಳೆತನದ ಜ್ವರವೆಂದರು. ಎರಡರಲ್ಲಿ ಯಾವುದು ನಿಜವೆಂದು ತಿಳಿಯದ ಕಾರಣ ನಾನು ಎರಡನ್ನೂ ನಂಬುವುದಿಲ್ಲ. ಆದರೆ ಕೈಯನ್ನು ನಾನು ದಿನವೂ ನೋಡಿದ್ದೇನೆ. ಕಪ್ಪು ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಅವರು ಬರೆಯುತ್ತಿದ್ದರು. ಮೇಲಿನ ಅರ್ಧ ಶಾಲೆ ತೆರೆದ ದಿನದಂತೆ ಹೊಳೆಯುತ್ತಿತ್ತು. ರುಮಾಲು ಸುತ್ತಬೇಕಾದರೆ ಎರಡೂ ಕೈ ತಲೆಯ ಮೇಲೆ ಹೋಗಬೇಕು. ಅದಕ್ಕೇ ಕರಿ ಟೊಪ್ಪಿಗೆ ಹಾಕುತ್ತಿದ್ದರು. ಹುಡುಗರನ್ನು ಹೊಡೆಯುತ್ತಿರಲಿಲ್ಲ. ಅದು ಅವರ ದೊಡ್ಡ ಗುಣವೆಂದು ಸಂಚಿಕೆ ಹೊಗಳುತ್ತದೆ. ಬೆತ್ತ ಮೇಲೆದ್ದ ಹೊರತು ಕೆಳಗೆ ಬೀಳುವುದಿಲ್ಲ. ಗುಣವೋ ಹೆಗಲೋ, ನಾನು ತೀರ್ಮಾನಿಸಲಾರೆ.

ಮೊದಲ ವರ್ಷ ತಪಾಸಣೆಗೆ ಬಂದ ಸಾಹೇಬರು ಆ ಹಲಗೆಯನ್ನೂ ಆ ಹೆಗಲನ್ನೂ ನೋಡಿ, ಶಾಲೆಯ ತಪಾಸಣೆ ಪುಸ್ತಕದಲ್ಲಿ ಉರ್ದುವಿನಲ್ಲಿ ಏನೋ ಬರೆದು ಹೋದರು. ಏನು ಬರೆದರೆಂದು ಓದುವ ಶಕ್ತಿ ಆಗ ನನಗಿರಲಿಲ್ಲ.

ಶಾಲೆಗೆ ಅವರೊಬ್ಬರೇ ಮಾಸ್ತರರು. ಲೆಕ್ಕವೂ ಅವರದೇ, ಆಟದ ತಾಸೂ ಅವರದೇ. ಹೊಲಗೇರಿಯಿಂದ ಶಾಲೆಗೆ ಹೋಗುತ್ತಿದ್ದವನು ನಾನೊಬ್ಬನೇ. ಪಡಸಾಲೆಯ ಹೊರ ಅಂಚಿನಲ್ಲಿ ನನ್ನ ಜಾಗ. ಆಟದ ಹೊತ್ತಿನಲ್ಲೂ ಅಂಚಿನಲ್ಲೇ ನಿಲ್ಲುತ್ತಿದ್ದೆ. ಒಂದು ದಿನ ಚಿಂದಿ ಚೆಂಡೊಂದು ಹುಡುಗರ ಕೈ ತಪ್ಪಿ ನನ್ನ ಕಡೆ ಹಾರಿ ಬಂತು. ನಾನು ಅತ್ತ ನೋಡದೆಯೇ ಕೈಚಾಚಿ ಹಿಡಿದೆ. ಮಾಸ್ತರರು ಆಟ ನಿಲ್ಲಿಸಿದರು. ನನ್ನನ್ನು ಅಂಗಳದ ನಡುವೆ ನಿಲ್ಲಿಸಿ, ಹುಡುಗರಿಂದ ನಾಲ್ಕೂ ಕಡೆಯಿಂದ ಎಸೆಯಿಸಿದರು. ಎತ್ತರದ್ದು, ತಗ್ಗಿನದು, ಬೆನ್ನ ಹಿಂದಿನದು, ಒಂದೂ ಬೀಳಲಿಲ್ಲ.

“ಇಷ್ಟ ಚಂದ ಹಿಡಿಯೂದು ನಿಂಗ ಯಾರು ಕಲಿಸ್ಯಾರೋ ತಮ್ಮಾ?”

“ಅಂಗಡಿ ಸಾವಕಾರ್ರು ಕಲಿಸ್ಯಾರ್ರಿ.”

ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಅಂಗಡಿಯಲ್ಲಿ ಉಪ್ಪಿನ ಪೊಟ್ಟಣವನ್ನು ನಮ್ಮ ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದರು. ಬೆಲ್ಲದ ತುಣುಕನ್ನು ಎಸೆಯುತ್ತಿದ್ದರು. ಕಣದಲ್ಲಿ ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದರು. ಹಿಡಿದರೆ ನಮ್ಮದು, ಬಿದ್ದರೆ ಮಣ್ಣಿನದು. ನಡೆಯಲು ಕಲಿತಂದಿನಿಂದ ನಾನು ಹಿಡಿಯುತ್ತಲೇ ಬಂದಿದ್ದೆ. ಮಾಸ್ತರರು ಮಾತ್ರ ನಗಲಿಲ್ಲ. ನನ್ನ ಅಂಗೈಯನ್ನು ತುಸು ಹೊತ್ತು ನೋಡಿ, “ನಾಳಿಂದ ನೀನೂ ಆಟದಾಗ” ಎಂದರು.

ಮೂರನೆಯ ದಿನಕ್ಕೆ ಊರ ಗೌಡರು ಶಾಲೆಯ ಅಂಗಳಕ್ಕೆ ಬಂದರು. ಅವರ ಮಗ ನನ್ನ ಓರಗೆಯವನು, ಅದೇ ಆಟದಲ್ಲಿದ್ದವನು.

“ಮಾಸ್ತರ, ಅರಿವಿ ಚೆಂಡ ಆ ಹುಡುಗನ ಕೈಯಾಗಿಂದ ನಮ್ಮ ಹುಡುಗರ ಕೈಗಿ ಬರ್ಲಾಕತ್ತದ. ಅರಿವಿಗಿ ಮೈಲಿಗಿ ಅದ. ಅದೇ ಕೈಲೆ ಅವರು ಮನಿಗಿ ಬಂದು ಅಡಗಿಮನಿ ಹೊಗತಾರ.”

“ಖರೆ ಅದರಿ ಗೌಡ್ರ. ನನಗ ತಿಳೀಲಿಲ್ಲ. ಮತ್ತ ಕಂಬಳಿಗಿ ಹ್ಯಾಂಗ್ರಿ?”

“ಕಂಬಳಿಗಿ ಎಲ್ಲಿ ಮೈಲಿಗಿ ಬಂತು? ದೇವರ ಪೂಜಿಗೂ ಅದನ್ನೇ ಹಾಸ್ತೀವಲ್ಲ.”

“ಹಂಗಾದ್ರ ನಾಳಿಂದ ಕಂಬಳಿ ಚೆಂಡರಿ.”

ಗೌಡರ ಜೊತೆ ಬಂದವರಲ್ಲಿ ಒಬ್ಬರು ಮೂಗಿನಲ್ಲೇ ನಕ್ಕುಬಿಟ್ಟರು. ಗೌಡರು ನಗಲಿಲ್ಲ. ಅಂಗಳ ದಾಟುವ ಮುನ್ನ ತಿರುಗಿ, “ಭಾಳ ಶ್ಯಾಣ್ಯಾ ಇದ್ದೀರಿ ಮಾಸ್ತರ. ಇಷ್ಟು ಶ್ಯಾಣ್ಯಾತನ ನಮ್ಮೂರ ನೀರಿಗಿ ಹೊಂದಂಗಿಲ್ಲ” ಎಂದು ಹೇಳಿ ಹೋದರು.

ಮಾಸ್ತರರು ತಮ್ಮ ಹಾಸಿಗೆಯ ಕಂಬಳಿಯ ಅಂಚನ್ನೇ ಹರಿದು, ಪುಂಡಿ ನಾರಿನ ಉಂಡೆಯ ಮೇಲೆ ಬಿಗಿಯಾಗಿ ಸುತ್ತಿ, ದಬ್ಬಳದಿಂದ ಹೊಲಿದರು. ಕರಿ ಚೆಂಡು. ಕುರಿಯ ವಾಸನೆ. ಜೋರಾಗಿ ಬಂದರೆ ಅಂಗೈ ತರಚುತ್ತಿತ್ತು.

ಆಟ ಬಲು ಸರಳ. ಹನ್ನೆರಡು ಮಂದಿ ವರ್ತುಲವಾಗಿ ನಿಲ್ಲಬೇಕು. ಚೆಂಡು ಒಬ್ಬರಿಂದ ಒಬ್ಬರಿಗೆ ಗಾಳಿಯಲ್ಲೇ ಹೋಗಬೇಕು. ನೆಲಕ್ಕೆ ತಾಗಿದರೆ ಎಲ್ಲರ ಆಟವೂ ಅಲ್ಲಿಗೆ ಮುಗಿಯಿತು. ಎಸೆಯುವವನು ಹಿಡಿಯುವವನ ಮುಖ ನೋಡಿ ಎಸೆಯಬೇಕು. “ಕಣ್ಣ ನೋಡಿ ಒಗಿ, ಕೈ ತಾನ ಹೋಗತದ” ಎಂಬುದು ಮಾಸ್ತರರ ಮಾತು. ಅವರು ತಾವೇ ಎಸೆದು ತೋರಿಸುತ್ತಿರಲಿಲ್ಲ. ಒಮ್ಮೆ ಎಡಗೈಯಿಂದ ಎಸೆದಾಗ ಚೆಂಡು ಅವರ ಕಾಲ ಬಳಿಯೇ ಬಿದ್ದಿತ್ತು. ನಾವು ನಕ್ಕದ್ದಕ್ಕೆ ಅವರೂ ನಕ್ಕಿದ್ದರು.

ಮೊದಲ ದಿನವೇ ಆಟ ನನ್ನಲ್ಲಿ ನಿಂತಿತು. ಚೆಂಡನ್ನು ಹಿಡಿದೆ. ಹಿಡಿದವನು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು ನಿಂತೆ. ಯೋಚಿಸಿ ಮಾಡಿದ್ದಲ್ಲ. ಅವರಿಂದ ನಮಗೆ ಬರುವುದೆಲ್ಲ ಗಾಳಿಯಲ್ಲಿ ಬರುತ್ತಿತ್ತು. ನಮ್ಮಿಂದ ಅವರಿಗೆ ಹೋಗುವುದೆಲ್ಲ ನೆಲದ ಮೂಲಕವೇ ಹೋಗಬೇಕಾಗಿತ್ತು. ಕೊಡ್ಲಿಯನ್ನು ಮರಳಿಸುವುದಾದರೂ ಹಾಗೆಯೇ, ಕಟ್ಟಿಗೆಯ ಹೊರೆಯಾದರೂ ಹಾಗೆಯೇ: ಇಡು, ಸರಿ, ಅವರು ಎತ್ತಿಕೊಳ್ಳಲಿ. ನನ್ನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ.

“ಒಗಿಯಲೇ! ಇಡಬ್ಯಾಡ, ಒಗಿ!” ಎಂದು ಹನ್ನೊಂದು ಮಂದಿಯೂ ಕೂಗಿದರು. ಜಾತಿಯ ಯೋಚನೆ ಆಗ ಯಾರಿಗೂ ಇರಲಿಲ್ಲ. ಆಟ ಕೆಟ್ಟಿತ್ತು, ಅಷ್ಟೇ. ಮರುದಿನವೂ ಇಟ್ಟೆ. ಅದರ ಮರುದಿನವೂ. ಆಮೇಲೆ ಹುಡುಗರೇ ಉಪಾಯ ಕಂಡುಕೊಂಡರು: ನನ್ನ ಕಡೆ ಎಸೆಯುವುದನ್ನೇ ಬಿಟ್ಟರು. ಆಟ ಸುಗಮವಾಗಿ ನಡೆಯತೊಡಗಿತು. ಎರಡು ದಿನ ಅದನ್ನು ನೋಡಿ ಮಾಸ್ತರರು ಹೊಸ ನಿಯಮ ತಂದರು: ಎಲ್ಲರ ಕೈಗೂ ಒಮ್ಮೆ ಹೋಗುವವರೆಗೆ ಯಾರ ಕೈಗೂ ಎರಡನೆಯ ಸಲ ಹೋಗಕೂಡದು.

ನನ್ನನ್ನು ಗೋಡೆಗೆ ಎಸೆಯಲು ಹಚ್ಚಿದರು. ಆಮೇಲೆ ತಮ್ಮ ಕಡೆ ಎಸೆಯಿಸಿದರು. ಎಡಗೈಯಿಂದ ಎದೆಗೊತ್ತಿಕೊಂಡು ಹಿಡಿಯುತ್ತಿದ್ದರು. ಕೆಲವು ವಾರಗಳಲ್ಲಿ ನಾನು ಪಿಂಜಾರರ ಹುಡುಗನ ಕಡೆ ಎಸೆಯುವಷ್ಟಾದೆ. ಗೌಡರ ಮಗನ ಕಡೆ ಮಾತ್ರ ನನ್ನ ಮುಖವೇ ತಿರುಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಾಸ್ತರರು ಅವನನ್ನೂ ನನ್ನನ್ನೂ ಶಾಲೆಯ ಹಿಂದಕ್ಕೆ ಕರೆದೊಯ್ದರು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಅವರು.

“ಒಗಿಯಲೇ, ಇಲ್ಲಿ ಯಾರೂ ನೋಡ್ಲಾಕತ್ತಿಲ್ಲ” ಎಂದ ಗೌಡರ ಮಗ.

ಎಸೆದೆ. ಅವನು ಹಿಡಿದ. ಹಿಡಿದು ಅಂಗೈ ಜಾಡಿಸಿಕೊಂಡು, “ಮಗನ, ಎಷ್ಟು ಜೋರ್ ಬಿಟ್ಟಿದಿ! ಉರೀಲಾಕತ್ತದಲ್ಲೋ!” ಎಂದು ನಕ್ಕ. ಬೆವರುವವರೆಗೆ ಆಡಿದೆವು. ಒಂದೂ ಬೀಳಲಿಲ್ಲ. ಕೊನೆಗೆ ಮಾಸ್ತರರು, “ಸಾಹೇಬರು ಬಂದಾಗ ಇದನ್ನ ಎಲ್ಲಾರ ಮುಂದ ತೋರಸ್ಬೇಕು” ಎಂದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವುದನ್ನು ಅಲ್ಲಿಗೆ ಬಿಟ್ಟೆವು.

ಸುದ್ದಿ ನಮ್ಮ ಅವ್ವನಿಗೆ ಮುಟ್ಟಿತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಅವರ ಕಡಿ ಏನರ ಒಗದವರ ಗುಡಿಸಲಾ ಉಳದದ್ದು ನಾ ನೋಡಿಲ್ಲ. ನಿಂಗ ಸಾಲಿ ಬೇಕೋ, ಮನಿ ಬೇಕೋ, ನೀನೇ ಹೇಳು.”

ಮರುದಿನ ಆ ಮಾತನ್ನೇ ಮಾಸ್ತರರ ಮುಂದಿಟ್ಟೆ. ಅವರು ಬಹಳ ಹೊತ್ತು ಸುಣ್ಣದ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದರು. “ನಿಮ್ಮವ್ವ ಹೇಳೂದು ಖರೆ ಅದ” ಎಂದರು. ಕಡ್ಡಿಯನ್ನು ಕೆಳಗಿಟ್ಟು, “ಅವತ್ತ ನೀ ನೆಲಕ್ಕ ಇಟ್ರ ಆಟ ಮುಗೀತದ, ಅಷ್ಟ. ನಾ ಬೈಯಂಗಿಲ್ಲ. ನಿನ್ನ ಕೈ, ನಿನ್ನ ಖುಷಿ” ಎಂದರು. ಅವರು ನನ್ನನ್ನು ಹುರಿದುಂಬಿಸಿ ಎಸೆಯಿಸಿದರೆಂದು ಮುಂದೆ ಯಾರಾದರೂ ಬರೆಯಬಹುದು. ಅದೂ ಸುಳ್ಳೆಂದು ಈಗಲೇ ಹೇಳಿಡುತ್ತೇನೆ.

ತಪಾಸಣೆಯ ದಿನ ಬೇವಿನ ಮರದ ಕೆಳಗೆ ಕುರ್ಚಿ, ಮೇಜು. ಮೇಜಿನ ಮೇಲೆ ನಮ್ಮೂರ ಕೆಂಪು ಬಾಳೆಹಣ್ಣಿನ ಚಿಪ್ಪು. ಸಾಹೇಬರು ಕುರ್ಚಿಯಲ್ಲಿ ಕುಳಿತರು, ಕಳೆದ ವರ್ಷದವರೇ. ಅವರ ಪಕ್ಕದಲ್ಲಿ ಜಮಖಾನೆಯ ಮೇಲೆ ಗೌಡರು, ಊರಿನ ಹಿರಿಯರು. ಮಗ್ಗಿ ಒಪ್ಪಿಸಿದ್ದಾಯಿತು, ಪಾಠ ಓದಿದ್ದಾಯಿತು. ಆಮೇಲೆ ಆಟ.

ವರ್ತುಲದಲ್ಲಿ ಗೌಡರ ಮಗ ನಿಂತದ್ದು ಅವನ ತಂದೆಯ ಮುಂದೆ, ತಂದೆಗೆ ಬೆನ್ನು ಮಾಡಿ. ನಾನು ಅವನಿಗೆ ಇದಿರಾಗಿ. ಚೆಂಡು ಹೊರಟಿತು. ಯಾರೂ ನನಗೆ ಎಸೆಯಲಿಲ್ಲ, ಅದು ನಿರೀಕ್ಷಿತವೇ. ಆದರೆ ಯಾರೂ ಗೌಡರ ಮಗನಿಗೂ ಎಸೆಯಲಿಲ್ಲ. ಹಿಂದೆ ಅವನ ತಂದೆ ಕುಳಿತಿರುವಾಗ, ಗುರಿ ತಪ್ಪಿದರೆ ಏನು ಗತಿ ಎಂಬ ಹೆದರಿಕೆ. ಐದು ಮಂದಿಗೆ ಹೋಯಿತು, ಏಳು ಮಂದಿಗೆ ಹೋಯಿತು. ಮಾಸ್ತರರ ಮುಖದಲ್ಲಿ ಬಣ್ಣ ಇಳಿಯುತ್ತಿದ್ದುದನ್ನು ನಾನು ಕಂಡೆ. ತಾವೇ ಮಾಡಿದ ನಿಯಮ ಎಲ್ಲಿಗೆ ಒಯ್ಯುತ್ತಿದೆಯೆಂದು ಅವರಿಗೆ ಆಗ ಹೊಳೆದಿರಬೇಕು. ಹತ್ತನೆಯವನು ಪಿಂಜಾರರ ಹುಡುಗ. ಚೆಂಡು ಮುಟ್ಟದೆ ಉಳಿದವರು ಇಬ್ಬರೇ: ಊರು ಹೆದರುವ ಮನೆಯವನು, ಊರು ದೂರ ಇಟ್ಟವನು. ಪಿಂಜಾರರ ಹುಡುಗ ಅತ್ತ ನೋಡಿದ, ಇತ್ತ ನೋಡಿದ, ನನಗೆ ಎಸೆದ.

ಹಿಡಿದೆ. ಹಿಡಿಯುವುದರಲ್ಲಿ ನನಗೆ ಎಂದೂ ತೊಂದರೆಯಿರಲಿಲ್ಲ.

ಇನ್ನುಳಿದವನು ಒಬ್ಬನೇ. ನೆಲ ನನ್ನ ಕಾಲ ಕೆಳಗೇ ಇತ್ತು. ಬಾಗಿದರೆ ಸಾಕು, ಎಲ್ಲವೂ ಮೊದಲಿನಂತೆ. ಅವ್ವನ ಮಾತು ನೆನಪಾಯಿತು. ಮಾಸ್ತರರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹೇಳುವುದನ್ನೆಲ್ಲ ಹೇಳಿ ಮುಗಿಸಿದವರ ಹಾಗೆ. ಆಗ ನಾನು ಗೌಡರ ಮಗನ ಕಣ್ಣು ನೋಡಿದೆ. ಅವನು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಮುಂದೆ ಮಾಡಿ, ಬೆರಳು ಅಗಲಿಸಿ ನಿಂತಿದ್ದ. ಹಿಂದೆ ಯಾರೋ ಕೆಮ್ಮಿದರು.

ಎಸೆದೆ.

ಚೆಂಡು ಅವನ ಹೆಗಲ ಪಕ್ಕದಿಂದ ಹಾದು ಗೌಡರ ರುಮಾಲಿಗೆ ಬಡಿಯಿತು. ರುಮಾಲು ಸಡಿಲಿ, ಒಂದು ಸುತ್ತು ಬಿಚ್ಚಿ, ಅವರ ಹೆಗಲ ಮೇಲೆ ಇಳಿಯಿತು. ಚೆಂಡು ಉರುಳಿ ಸಾಹೇಬರ ಬೂಟಿನ ಹತ್ತಿರ ನಿಂತಿತು.

“ಗೇಂದ್ ಕಿಸ್ನೇ ಫೇಂಕೀ?” ಎಂದರು ಸಾಹೇಬರು. ಯಾರೂ ಉತ್ತರಿಸದಾಗ ತಮಗೆ ಬರುವ ಕನ್ನಡದಲ್ಲಿ, “ಚೆಂಡ್ ಯಾರು ಒಗೆದಾರ?” ಎಂದು ಕೇಳಿದರು.

ಗೌಡರು ನನ್ನನ್ನೇ ನೋಡುತ್ತಿದ್ದರು. ಇಡೀ ಅಂಗಳ ಕಣ್ಣಾರೆ ಕಂಡಿತ್ತು. ಹೊಲಗೇರಿಯ ಹುಡುಗ ಗೌಡರ ತಲೆಗೆ ಹೊಡೆದ ಎಂಬ ಮಾತು ಸರಕಾರದ ಮನುಷ್ಯನ ಮುಂದೆ ಒಮ್ಮೆ ಬಾಯಿಂದ ಹೊರಬಿದ್ದರೆ, ಗೌಡರು ಸುಮ್ಮನಿರುವಂತಿರಲಿಲ್ಲ. ಸುಮ್ಮನಿದ್ದರೆ ಊರಿನಲ್ಲಿ ಅವರ ಮಾತು ಮುಂದೆ ನಡೆಯುವಂತಿರಲಿಲ್ಲ. ನಮ್ಮ ಗುಡಿಸಲು ಆ ಒಂದು ಮಾತಿನ ಮೇಲೆ ನಿಂತಿತ್ತು.

ಮಾಸ್ತರರು ವರ್ತುಲದೊಳಗೆ ಬಂದು, ಬಾಗಿ, ಸಾಹೇಬರ ಬೂಟಿನ ಹತ್ತಿರದ ಚೆಂಡನ್ನು ಎತ್ತಿಕೊಂಡರು.

“ನಾನರಿ ಹುಜೂರ್. ಒಗದು ತೋರಸ್ಲಾಕ ಹೋಗಿ ಕೈ ತಪ್ಪಿತು.”

“ಆಪ್ ನೇ?”

“ಜೀ ಹುಜೂರ್.”

ಸಾಹೇಬರು ಅವರ ಮುಖ ನೋಡಿದರು. ಆಮೇಲೆ ಗೌಡರ ಕಡೆ ತಿರುಗಿ ಕಾದರು. ಗೌಡರು ಅವಸರವಿಲ್ಲದೆ ರುಮಾಲನ್ನು ಮತ್ತೆ ಸುತ್ತಿಕೊಂಡರು. ಕೊನೆಯ ಅಂಚನ್ನೂ ಸಿಕ್ಕಿಸಿದರು.

“ಹೌದರಿ. ಮಾಸ್ತರ್ರೇ ಒಗದ್ರು. ನಾ ನೋಡೀನಿ” ಎಂದರು ಗೌಡರು. “ಇಂಥ ಮಾಸ್ತರ ನಮ್ಮೂರಿಗಿ ಬ್ಯಾಡ್ರಿ, ಸಾಹೇಬ್ರ.”

ಹೀಗೆ, ಎಲ್ಲರೂ ಕಂಡದ್ದನ್ನು ಎಲ್ಲರೂ ಕೂಡಿ ಕಾಣದಂತೆ ಮಾಡಿದರು. ಸಾಹೇಬರು ತಪಾಸಣೆ ಪುಸ್ತಕವನ್ನು ತರಿಸಿ ಮಾಸ್ತರರ ಕೈಯಿಂದಲೇ ಹೇಳಿಕೆ ಬರೆಯಿಸಿಕೊಂಡರು. ಬರೆಯುವಾಗ ಮಾಸ್ತರರು ಒಮ್ಮೆ ನಿಲ್ಲಿಸಿ, ಲೇಖನಿಯನ್ನು ಮಸಿಯಲ್ಲಿ ಅದ್ದಿ, ಮತ್ತೆ ಮುಂದುವರಿಸಿದ್ದು ನನ್ನ ಕಣ್ಣಿಗೆ ಕಟ್ಟಿದೆ.

ಆ ಸಂಜೆ ಅವ್ವ ಗಂಟು ಕಟ್ಟಿಟ್ಟು ಬಾಗಿಲಲ್ಲಿ ಕುಳಿತಳು. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಗಂಟು ಬಿಚ್ಚಿದಳು. “ಆ ಮಾಸ್ತರ ನಮ್ಮ ಮನಿ ಉಳಸ್ಯಾರ. ನೀ ಒಗದಿದ್ದು ಮರತಬಿಡು. ನಾ ಇರೂತನ ಅದನ್ನ ಬಾಯಾಗ ತರಬ್ಯಾಡ” ಎಂದಳು. ಅವಳು ಇರುವತನಕ ನಾನು ಊರವರ ಮುಂದೆ ತರಲಿಲ್ಲ.

ವಾರದೊಳಗೆ ಮಾಸ್ತರರಿಗೆ ವರ್ಗವಾಯಿತು. ಹೊಸಬರು ಬಂದ ಮೇಲೆ ನಾನು ಪಡಸಾಲೆಯ ಅಂಚಿಗೆ ಮರಳಿದೆ, ಅಲ್ಲಿಂದ ಕೆಲವು ತಿಂಗಳಿಗೆ ಅಂಗಳದ ಹೊರಗೆ. ಶಾಲೆಯ ನನ್ನ ಓದು ಅಷ್ಟೇ. ಬೆಳೆದ ಮೇಲೆ ಕಲಬುರಗಿಗೆ ಹೋಗಿ ಮೂಟೆ ಹೊತ್ತೆ. ವಯಸ್ಸಾದ ಮೇಲೆ ನಂದೂರಿನ ದಾಲ್ ಮಿಲ್ಲೊಂದರ ಬಾಗಿಲು ಕಾಯ್ದೆ.

ಮೂಟೆ ಹೊರುತ್ತಿದ್ದ ಕಾಲದಲ್ಲೇ ಅವರು ಮತ್ತೆ ಸಿಕ್ಕರು. ನೌಕರಿಯನ್ನು ತಾವೇ ಬಿಟ್ಟು, ಕಲಬುರಗಿಯ ಕಚೇರಿಯ ಮುಂದೆ ಚಾಪೆ ಹಾಸಿ, ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಾನು ಗುರುತು ಹೇಳುವ ಮೊದಲೇ ನನ್ನ ಅಂಗೈ ನೋಡಿ, “ಹಿಡಿಯೂದು ಬಿಟ್ಟಿಲ್ಲಲ್ಲ?” ಎಂದು ಕೇಳಿದರು. ಬಿಡುವಿನ ದಿನಗಳಲ್ಲಿ ಅವರ ಚಾಪೆಯ ಮೇಲೆ ಕುಳಿತೆ, ಅಂಚಿನಲ್ಲಲ್ಲ, ಪಕ್ಕದಲ್ಲಿ. ಅವರು ನನಗೆ ಉರ್ದು ಅಕ್ಷರ ತಿದ್ದಿಸಿದರು. “ಉರ್ದು ನನಗ್ಯಾಕ್ರಿ?” ಎಂದರೆ, “ಕಾಗದೆಲ್ಲ ಅದರಾಗ ಅವ. ಓದ್ಲಾಕ ಬರಬೇಕಲ್ಲ” ಎಂದಷ್ಟೇ ಹೇಳಿದರು. ಮುಂದಿನದನ್ನು ಅಂಗಡಿಯ ಹಲಗೆಗಳಿಂದ, ಹಳೆಯ ವರ್ತಮಾನ ಪತ್ರಿಕೆಗಳಿಂದ ನಾನೇ ಕಲಿತೆ.

ಒಮ್ಮೆ ಧೈರ್ಯ ಮಾಡಿ ಕೇಳಿದೆ: “ನೀವು ಯಾಕ ನಾ ಒಗದೀನಿ ಅಂದ್ರಿ, ಮಾಸ್ತರ?”

ಅವರು ಬರೆಯುತ್ತಿದ್ದ ಅರ್ಜಿಯಿಂದ ತಲೆಯೆತ್ತಲಿಲ್ಲ. “ನೀ ಒಗದಿದ್ದು ಚಲೋ ಇತ್ತು. ಜರಾ ಎತ್ತರಾತು, ಅಷ್ಟ.”

ಅದರ ಮೇಲೆ ಅವರು ಆ ಮಾತನ್ನು ಎತ್ತಲಿಲ್ಲ. ನಿಜಾಮರ ಆಳ್ವಿಕೆ ಮುಗಿಯುವ ಮೊದಲೇ ತೀರಿಕೊಂಡರು. ಅವರು ನಿಜಾಮರನ್ನು ಬೈದದ್ದನ್ನೂ ಕೇಳಿಲ್ಲ, ಹೊಗಳಿದ್ದನ್ನೂ ಕೇಳಿಲ್ಲ. ನಾನು ಅವರಿಗೆ ಋಣಿ. ಆದರೂ ಬಹಳ ವರ್ಷ ಒಂದು ಸಿಟ್ಟು ಒಳಗಿತ್ತು. ನನ್ನನ್ನು ಉಳಿಸುವಾಗಲೇ ಅವರು ನನ್ನ ಒಂದೇ ಒಂದು ಎಸೆತವನ್ನು ತಮ್ಮ ಹೆಸರಿಗೆ ಬರೆದುಕೊಂಡಿದ್ದರು.

ಸಂಚಿಕೆಯನ್ನು ಓದಿದ ವಾರ ಗೌಡರ ಮಗನನ್ನು ಕಾಣಲು ಹೋದೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಆಚೆ ಅವರ ಮನೆ. ಸಂಚಿಕೆಗೆ ಮುನ್ನುಡಿ ಬರೆದವರು ಅವರೇ. ಈಗ ಊರಿಗೆಲ್ಲ ಅವರೇ ಗೌಡರು. ಕುರ್ಚಿ ತೋರಿಸಿದರು, ಕುಳಿತೆ. ಮೊಮ್ಮಗಳು ಚಹಾದ ಕಪ್ಪನ್ನು ತಂದು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟಳು. ಎಲ್ಲರಿಗೂ ಹಾಗೆಯೇ ಇಡುತ್ತಾಳೋ ಏನೋ. ಅದರಿಂದ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ.

“ಆ ಮಾತು ಖರೆ ಅಲ್ಲಂತ ನಿಮಗ ಗೊತ್ತದ, ಗೌಡ್ರ.”

“ಗೊತ್ತದ.”

“ಗೊತ್ತಿದ್ದೂ ಮುನ್ನುಡಿ ಬರದೀರಿ.”

“ಮಾಸ್ತರ್ರಿಗಿ ಮಾನ ಬಂತಲ್ಲಪಾ. ಅದರಾಗ ನಿಂದೇನು ಹೋತು?”

“ನಂದೇ ಹೋತ್ರಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮಪ್ಪನ ತೆಲಿಗಿ ನೀ ಹೊಡದಿ ಅಂತ ನಾನೇ ಹ್ಯಾಂಗ ಬರೀಲಿ?”

“ನಿಮ್ಮಪ್ಪಗ ಒಗದಿಲ್ರಿ. ನಿಮಗ ಒಗದೀನಿ.”

“ಎತ್ತರ ಇತ್ತು.”

“ಮಾಸ್ತರ್ರೂ ಹಂಗೇ ಅಂದ್ರು.”

ಬೀದಿಯಲ್ಲಿ ಆಟೋಗಳ ಸದ್ದು. ಅವರು ಎರಡೂ ಕೈಗಳನ್ನು ತೊಡೆಯ ಮೇಲಿಂದ ಎತ್ತಿ ಎದೆಯ ಮುಂದೆ ಹಿಡಿದು, ತಾವೇ ಅವನ್ನು ನೋಡಿಕೊಂಡರು.

“ಎತ್ತರ ಇದ್ದಿಲ್ಲೋ. ಇಲ್ಲಿಗೇ ಬಂದಿತ್ತು. ಹಿಂದ ಅಪ್ಪ ಕೆಮ್ಮಿದ. ನಾ ಕೈ ಇಳಿಸಿ ಬಾಜೂಕ ಸರದೆ.”

“ಇದನ್ನ ಬರದು ಕೊಡ್ತೀರೇನ್ರಿ?”

“ಬರೀಲಾಕ ಕೈ ನಡಗತದ. ಬಾಯಲೆ ಹೇಳ್ತೀನಿ. ಯಾರು ಬಂದು ಕೇಳಿದ್ರೂ ಹೇಳ್ತೀನಿ, ಕಳಿಸು.”

ಕೈ ನಡುಗುವುದು ವಯಸ್ಸಿನಿಂದಲೋ ಬೇರೆ ಕಾರಣದಿಂದಲೋ ನಾನು ಕೇಳಲಿಲ್ಲ. ಚಹಾ ಕುಡಿದು ಎದ್ದೆ. ಅವರು ಹೇಳುತ್ತೇನೆಂದದ್ದನ್ನು ಹೇಳಿಯಾರು. ಆದರೆ ಎಂಬತ್ತರ ಹತ್ತಿರದ ಇಬ್ಬರ ಬಾಯಿಮಾತನ್ನು ನಂಬಿ ಕಲ್ಲಿನ ಕೆಲಸವನ್ನು ತಡೆಯಿರೆಂದು ನಾನು ಯಾರನ್ನೂ ಕೇಳುವುದಿಲ್ಲ. ನಾನೇ ಆಗಿದ್ದರೂ ನಂಬುತ್ತಿರಲಿಲ್ಲ.

ಆದ್ದರಿಂದ ಶಾಲೆಗೆ ಹೋದೆ. ಆ ಹಳೆಯ ತಪಾಸಣೆ ಪುಸ್ತಕ ಅಲ್ಲಿನ ಕಬ್ಬಿಣದ ಅಲಮಾರಿಯಲ್ಲಿ ಈಗಲೂ ಇದೆ. ಸಂಚಿಕೆಯವರು ಅದರ ಹೊದಿಕೆಯ ಚಿತ್ರ ತೆಗೆದು ಅಚ್ಚು ಹಾಕಿದ್ದಾರೆ; ಒಳಗಿನದನ್ನು ಓದಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ. ನಾನು ಓದಿದೆ. ಎರಡು ಹಾಳೆ ಸಾಕು. ಮೊದಲನೆಯದು ಮೊದಲ ವರ್ಷದ್ದು, ಸಾಹೇಬರ ಕೈಬರಹ: ಈ ಮಾಸ್ತರರ ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ, ಕಪ್ಪು ಹಲಗೆಯ ಮೇಲ್ಭಾಗ ಬಳಕೆಯಾಗುತ್ತಿಲ್ಲ, ಆಟ ಕಲಿಸಲು ಬೇರೊಬ್ಬರನ್ನು ಕೊಡುವುದು ಒಳ್ಳೆಯದು. ಎರಡನೆಯದು ಮರುವರ್ಷದ್ದು, ಮಾಸ್ತರರ ಸ್ವಂತ ಅಕ್ಷರ: ಚೆಂಡು ನನ್ನ ಬಲಗೈಯಿಂದ ಜೋರಾಗಿ ಹೋಗಿ ಊರ ಗೌಡರ ರುಮಾಲಿಗೆ ತಾಗಿತು, ತಪ್ಪು ನನ್ನದು. ಅದರ ಕೆಳಗೆ ಸಾಹೇಬರ ಸಹಿ. ಬೇರೆ ಮಾತಿಲ್ಲ.

“ಚೆಂಡು ನನ್ನ ಕೈಯಿಂದ ಹೋಯಿತು” ಎಂದಷ್ಟೇ ಮಾಸ್ತರರು ಬರೆದಿದ್ದರೆ ಸಾಕಾಗಿತ್ತು. ಯಾವ ಕೈ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಲೇಖನಿಯನ್ನು ಮಸಿಯಲ್ಲಿ ಅದ್ದಲು ಅವರು ನಿಲ್ಲಿಸಿದ್ದು ‘ಬಲಗೈ’ ಎಂಬ ಆ ಶಬ್ದದ ಮುಂಚೆಯೇ. ಅಲ್ಲಿಂದ ಮುಂದೆ ಮಸಿ ಗಾಢವಾಗಿದೆ. ಅದನ್ನು ಬೇಕೆಂದೇ ಬರೆದರೆಂದು ನಾನು ಸಾಧಿಸಿ ತೋರಿಸಲಾರೆ. ನನಗೆ ಉರ್ದು ಕಲಿಸಿದ್ದಕ್ಕೂ ಅದಕ್ಕೂ ಸಂಬಂಧವಿದೆಯೆಂದೂ ಸಾಧಿಸಲಾರೆ. ಸಿಟ್ಟು ಮಾತ್ರ ಆ ಹಾಳೆಯ ಮುಂದೆ ಉಳಿಯಲಿಲ್ಲ.

ಪುಸ್ತಕವನ್ನು ಕೇಳಿದವರಿಗೆ ತೋರಿಸುವುದಾಗಿ ಶಾಲೆಯವರು ಒಪ್ಪಿದ್ದಾರೆ. ಕಲ್ಲು ಕೆತ್ತುವವನಿಗೆ ಮುಂಗಡ ಕೊಡುವ ಮೊದಲು ಹೋಗಿ ನೋಡಿರಿ. ಉರ್ದು ಬಲ್ಲ ಯಾರನ್ನಾದರೂ ಜೊತೆಗೆ ಕರೆದೊಯ್ಯಿರಿ. ಕಲಬುರಗಿಯಲ್ಲಿ ಅಂಥವರಿಗೆ ಕೊರತೆಯಿಲ್ಲ. ನನ್ನನ್ನು ಕರೆಯಬೇಡಿ. ನಾನು ಚೆಂಡು ಎಸೆದವನು.